ಕೊಟ್ಟಿಗೆಯ ದೋಣಿ

೧೯೮೪

ಮಾರ್ಚ್ ೧೯, ಸೋಮವಾರ

ಈ ಡೈರಿ ಹೊಸ ವರ್ಷಕ್ಕೆ ಫ್ಯಾಕ್ಟರಿಯವರು ಇವರಿಗೆ ಕೊಟ್ಟಿದ್ದು. ರೆಕ್ಸಿನ್ ರಟ್ಟು, ಒಳಗೆ ರೈಲಿನ ಟೈಮು, ಸರ್ಕಾರಿ ರಜೆ ಎಲ್ಲ ಇದೆ. ಇವರಿಗೆ ಈಗ ಬರೆಯುವ ಕೈ ಇಲ್ಲ. ಹಾಳೆ ದಂಡವಾಗುವುದು ಬೇಡವೆಂದು ನಾನು ಬರೆಯುತ್ತಿದ್ದೇನೆ.

ಆದದ್ದು ಇಷ್ಟು. ಫೆಬ್ರವರಿಯಲ್ಲಿ ಪ್ಯಾಟರ್ನ್ ಶಾಪಿನ ಗರಗಸದ ಮೆಷಿನ್ನಿಗೆ ಇವರ ಬಲಗೈಯ ಮೂರು ಬೆರಳು ಹೋದವು. ಹೆಬ್ಬೆರಳೂ ಕಿರುಬೆರಳೂ ಉಳಿದಿವೆ. ಫೌಂಡ್ರಿಯಲ್ಲಿ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಿಕೊಡಬೇಕು, ಅದು ಇವರ ಕೆಲಸ. ರಾಮಾಂಜಿನಪ್ಪನ ಕೈ ಎಂದರೆ ಕೈ ಎಂದು ಪೀಣ್ಯದಲ್ಲಿ ಹೇಳುತ್ತಿದ್ದರು. ಈಗ ಹಾಗೆ ಹೇಳಲು ಹೋಗಿ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಆಸ್ಪತ್ರೆಯಿಂದ ಬಂದ ಮೇಲೆ ವಠಾರದವರೆಲ್ಲ ಒಬ್ಬೊಬ್ಬರಾಗಿ ಬಂದು ಬ್ರೆಡ್ಡು ಕೊಟ್ಟು ನೋಡಿಕೊಂಡು ಹೋದರು. ಬ್ರೆಡ್ಡಿಗೆ ಬೂಷ್ಟು ಹಿಡಿದಿದೆ. ಇವರು ಆ ಕೈಯ ಮೇಲೆ ಟವಲು ಹಾಕಿಕೊಂಡು ಕೂತಿರುತ್ತಾರೆ. ಮಾತಿಲ್ಲ. ಬೈಗುಳವೂ ಇಲ್ಲ. ನಿನ್ನೆ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದೆ. ಉಂಡು ಎದ್ದರು. ಮದುವೆಯಾದಾಗಿನಿಂದ ಸಾರಿಗೆ ಹೆಸರಿಡದೆ ಎದ್ದ ಊಟ ಅದೊಂದೇ ಇರಬೇಕು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಸದ್ದು ಎಂದರೆ ಇವರ ಗೊಣಗಾಟ, ನನ್ನ ಹೊಲಿಗೆ ಮೆಷಿನ್ನು. ಈಗ ಮೆಷಿನ್ನು ಮಾತ್ರ.

ಇವತ್ತು ಶ್ಯಾಮಣ್ಣ ಬಂದಿದ್ದ. ಪ್ಯಾಟರ್ನ್ ಶಾಪಿನಲ್ಲಿ ಇವರ ಪಕ್ಕದ ಬೆಂಚಿನವನು. ಗೇಟಿನ ಹತ್ತಿರ ಟೈಂ ಆಫೀಸಿನಲ್ಲಿ ಕುರ್ಚಿ ಕೊಡುತ್ತಾರಂತೆ. "ಕೂತಿರೋ ಕೆಲ್ಸ ಗುರು. ಯಾರು ಎಷ್ಟೊತ್ತಿಗೆ ಬಂದ್ರು ಅಂತ ನೋಡ್ಕೊಂಡ್ರಾಯ್ತು" ಎಂದ. ಇವರು ಗೋಡೆ ನೋಡುತ್ತಿದ್ದರು. ಗೋಡೆಯಲ್ಲಿ ಏನೂ ಇರಲಿಲ್ಲ.

ಮಾರ್ಚ್ ೨೪, ಶನಿವಾರ

ಸಂಜೆ ಒಂದು ರವಿಕೆಗೆ ಕೊಕ್ಕೆ ಹಾಕುತ್ತಿದ್ದೆ. ತಲೆಯೆತ್ತಿ ನೋಡಿದರೆ ಇವರಿಲ್ಲ. ಬೀಡಿ ಅಂಗಡಿಯಲ್ಲಿಲ್ಲ, ಬಸ್ ಸ್ಟಾಪಿನಲ್ಲಿಲ್ಲ. ಕೆರೆ ಏರಿಯ ಮೇಲೆ ಚಪ್ಪಲಿ ಸಿಕ್ಕಿತು. ಜೋಡಿಸಿಟ್ಟಿದ್ದರು. ಮನೆಯಲ್ಲಿ ಒಂದು ದಿನವೂ ಚಪ್ಪಲಿ ಜೋಡಿಸಿಟ್ಟವರಲ್ಲ.

ಇವರು ಕೊನೆಯ ಮೆಟ್ಟಿಲಿನಲ್ಲಿ ತೊಡೆಮಟ್ಟ ನೀರಿನಲ್ಲಿ ನಿಂತಿದ್ದರು. ಇವರಿಗೆ ಈಜು ಬಾರದು.

"ಏನ್ರೀ ಮಾಡ್ತಿದ್ದೀರಿ ಅಲ್ಲಿ?" ಎಂದೆ. ಅದು ನನ್ನ ಧ್ವನಿಯೆಂದು ನನಗೇ ಅನ್ನಿಸಲಿಲ್ಲ.

"ಆಳ ನೋಡ್ತಿದ್ದೆ."

"ಯಾಕೆ?"

ನೀರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಒಂದು ದೋಣಿ ಮಾಡೋಣಾಂತ" ಎಂದರು.

ಇಲ್ಲಿ ಬರೆದುಬಿಡುತ್ತೇನೆ, ಬೇರೆ ಯಾರಿಗೂ ಹೇಳಲಾರೆ. ಇವರು ಬದುಕುವುದು ಸಾಕೆಂದು ಅಲ್ಲಿಗೆ ಹೋಗಿದ್ದರು. ಅದು ನನಗೆ ಗೊತ್ತಾಯಿತು. ನನಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು. ಅತ್ತಿದ್ದರೆ ಇನ್ನಷ್ಟು ಕುಗ್ಗುತ್ತಿದ್ದರು. ಬೈದಿದ್ದರೆ ನಾಳೆ ಮತ್ತೆ ಹೋಗುತ್ತಿದ್ದರು. "ಸರಿ, ಮಾಡಿ. ಯಾವಾಗ ಶುರು?" ಎಂದು ಕೇಳಿದೆ.

ಮಾರ್ಚ್ ೨೫, ಭಾನುವಾರ

ಬೆಳಿಗ್ಗೆ ನಲ್ಲಿಯ ಹತ್ತಿರ ಮುನಿಯಕ್ಕನಿಗೆ ಹೇಳಿದೆ, ನಮ್ಮ ಯಜಮಾನರು ದೋಣಿ ಮಾಡುತ್ತಿದ್ದಾರೆ ಎಂದು. ಮುನಿಯಕ್ಕ ಪಕ್ಕದ ಮನೆಯವಳು. ಅವಳಿಗೆ ಹೇಳಿದರೆ ಆಕಾಶವಾಣಿಗೆ ಹೇಳಿದ ಹಾಗೆ.

"ದೋಣಿನಾ? ಯಾಕೆ ವಸಂತಮ್ಮ, ಪ್ರಳಯ ಆಯ್ತದಾ?" ಎಂದಳು.

"ಆದ್ರೆ ನಿನಗೂ ಒಂದು ಸೀಟು ಇಡ್ತೀವಿ" ಎಂದೆ.

ಮಧ್ಯಾಹ್ನದ ಹೊತ್ತಿಗೆ ಓನರು ದೊಡ್ಡಮುನಿಯಪ್ಪನವರೇ ಬಂದರು. ಈಗ ಫ್ಯಾಕ್ಟರಿಗಳಿರುವ ಜಾಗದಲ್ಲಿ ಅವರದು ರಾಗಿ ಹೊಲವಿತ್ತು. ಅದೆಲ್ಲ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ನಮ್ಮಂಥವರನ್ನು ಬಾಡಿಗೆಗೆ ಬಿತ್ತಿದ್ದಾರೆ.

"ಏನ್ ರಾಮಾಂಜಿ, ದೋಣಿ ಕಟ್ತೀಯಂತೆ?"

ಇವರು ನನ್ನ ಕಡೆ ನೋಡಿದರು. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ, ತಲೆಯೆತ್ತಲಿಲ್ಲ.

"ಹೂಂ" ಎಂದರು.

"ಈ ಕೆರೇಲಿ ದೋಣಿ ಅತ್ಕಂಡು ಎಲ್ಲಿಗಪ್ಪಾ ಓಗೋದು? ಆ ಕಡೀಕ್ ಓದ್ರೆ ನಮ್ ಸೀಬೆ ತೋಟ. ಈ ಕಡೀಕ್ ಬಂದ್ರೆ ನಮ್ ಮನೆ. ನಡ್ಕಂಡೇ ಓಗ್ಬೋದಲ್ಲ?"

"ಸುಮ್ನೆ" ಎಂದರು ಇವರು.

"ಸುಮ್ಕಾ? ಅಂಗಾದ್ರೆ ಸರಿ ಬಿಡು" ಎಂದು ಓನರು ಹೊರಟರು. ಬಾಗಿಲಲ್ಲಿ ನಿಂತು, ದನ ಮಾರಿದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿದೆ, ಬೇಕಾದರೆ ಅಲ್ಲೇ ಮಾಡಿಕೋ ಎಂದರು.

ಇಷ್ಟು ಜನಕ್ಕೆ ಗೊತ್ತಾದ ಮೇಲೆ ಮಾಡದೆ ವಿಧಿಯಿಲ್ಲ. ಮಾಡುವಷ್ಟು ದಿನ ಮನುಷ್ಯ ಇರಲೇಬೇಕಾಗುತ್ತದೆ. ನನಗೆ ಸದ್ಯಕ್ಕೆ ಅಷ್ಟು ಸಾಕು.

ಏಪ್ರಿಲ್ ೫, ಗುರುವಾರ

ಹತ್ತು ದಿನ ಇವರು ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ. ನಾನು ದಿನಾ ಕೇಳಿದೆ. ಊಟಕ್ಕೆ ಕೂತಾಗ ಕೇಳಿದೆ, ಬೆನ್ನು ಉಜ್ಜುವಾಗ ಕೇಳಿದೆ. "ದೋಣಿ ಎಲ್ಲಿಗೆ ಬಂತು?" ಬೇರೆಯವರು ಇದ್ದಾಗ ಇನ್ನೂ ಜೋರಾಗಿ ಕೇಳಿದೆ. ಇಷ್ಟು ಕೆಟ್ಟ ಹೆಂಗಸು ನಾನೆಂದು ನನಗೇ ಗೊತ್ತಿರಲಿಲ್ಲ.

ಇವತ್ತು ಶ್ಯಾಮಣ್ಣ ಕೈಗಾಡಿಯಲ್ಲಿ ಹಲಗೆ ತಂದು ಸುರಿದ. ಯಾವುದೋ ಫ್ಯಾಕ್ಟರಿಗೆ ಪರದೇಶದಿಂದ ದೊಡ್ಡ ಲೇತ್ ಮೆಷಿನ್ನು ಬಂದ ಪೆಟ್ಟಿಗೆಯದಂತೆ. ಉದ್ದ ಹಲಗೆಗಳು, ಒಳ್ಳೆ ಮರ. ಪ್ರತಿಯೊಂದರ ಮೇಲೂ ಬಿಚ್ಚಿದ ಕೊಡೆಯ ಚಿತ್ರವಿದೆ. ಅದರರ್ಥ ಇದಕ್ಕೆ ನೀರು ಸೋಕಿಸಬಾರದು ಎಂದು ಶ್ಯಾಮಣ್ಣ ವಿವರಿಸಿದ. ದೋಣಿಗೆ ಅದೇ ಮರ ಸಿಕ್ಕಿತು.

ದೋಣಿ ಹೇಗಿರುತ್ತದೆಂದು ಇಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಶ್ಯಾಮಣ್ಣ ಟೈರ್ ಕಂಪನಿಯ ಹಳೇ ಕ್ಯಾಲೆಂಡರಿನ ಹಾಳೆ ಹರಿದು ತಂದಿದ್ದ. ಅದರಲ್ಲಿ ಒಂದು ಸರೋವರ, ಒಂದು ದೋಣಿ, ಅದರಲ್ಲಿ ಒಬ್ಬಳು ಹುಡುಗಿ. "ಹುಡುಗೀನ ಬಿಟ್ಟು ಮಿಕ್ಕಿದ್ದು ಮಾಡು ಗುರು" ಎಂದ. ಇವರು ಹಾಳೆಯನ್ನು ಎಡಗೈಯಲ್ಲಿ ಹಿಡಿದು ಸಂಜೆಯವರೆಗೂ ನೋಡಿದರು. ಗೋಡೆಗಿಂತ ವಾಸಿ.

ಏಪ್ರಿಲ್ ೧೫, ಭಾನುವಾರ

ಕೊಟ್ಟಿಗೆಯ ನೆಲ ಸಾರಿಸಿಕೊಟ್ಟೆ. ಒಣಗಿದ ಮೇಲೆ ಇವರು ಇದ್ದಿಲಿನಿಂದ ನೆಲದ ಮೇಲೆ ದೋಣಿಯನ್ನು ಪೂರ್ತಿ ಅಳತೆಗೆ ಬರೆದರು. ಎಡಗೈಯಲ್ಲಿ ಎಳೆದ ಗೆರೆ ಹಾವು ಹರಿದ ಹಾಗೆ ಬಂತು. ಒರೆಸಿದರು. ಮತ್ತೆ ಬರೆದರು. ಫ್ಯಾಕ್ಟರಿಯ ಉಕ್ಕಿನ ಅಳತೆಪಟ್ಟಿಯನ್ನು ನಾನು ಒತ್ತಿ ಹಿಡಿದೆ, ಆಗ ಗೆರೆ ನೆಟ್ಟಗೆ ಬಂತು. ಬಾಯಲ್ಲಿ ಹೇಳುವುದಿಲ್ಲ, ಗದ್ದದಲ್ಲಿ ಆ ಕಡೆ ಈ ಕಡೆ ಎಂದು ತೋರಿಸುತ್ತಾರೆ. ಎತ್ತಿಗಾದರೂ ಹೋ ಅನ್ನುತ್ತಾರೆ.

ನಾನು ಇವರ ಬೆನ್ನು ಬಿಟ್ಟಿಲ್ಲ. ಕ್ಷೌರಕ್ಕೆ ಹೋದರೂ ಅಂಗಡಿಯ ಹೊರಗೆ ನಿಲ್ಲುತ್ತೇನೆ. ಹೊಸದಾಗಿ ಮದುವೆಯಾದವರ ಹಾಗೆ ಆಡುತ್ತೀರಲ್ಲ ಎಂದು ಮುನಿಯಕ್ಕ ನಕ್ಕಳು. ನಾನೂ ನಕ್ಕೆ. ರಾತ್ರಿ ಕಣ್ಣು ಮುಚ್ಚಿ ತಿಂಗಳಾಯಿತು, ಅದು ಅವಳಿಗೇನು ಗೊತ್ತು.

ಮೇ ೬, ಭಾನುವಾರ

ಇವತ್ತು ಏನೂ ನಡೆಯಲಿಲ್ಲ. ಒಳ್ಳೆಯದು.

ಮೇ ೨೩, ಬುಧವಾರ

ದೋಣಿಯ ಪಕ್ಕೆಲುಬುಗಳು ಎದ್ದು ನಿಂತಿವೆ. ಉಜ್ಜುಗೊರಡಿಗೆ ಎರಡು ಕೈ ಬೇಕು. ಇವರು ಮುಂದಿನ ಹಿಡಿ ಎಡಗೈಯಲ್ಲಿ ಹಿಡಿದು ಬಲ ಮೊಣಕೈಯಿಂದ ಹಿಂದೆ ಒತ್ತಲು ನೋಡಿದರು, ಉಜ್ಜುಗೊರಡು ಜಾರಿ ಕಾಲ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳದೆ ಹಾಗೇ ನಿಂತರು. ಆ ನಿಲುವು ನನಗೆ ಆಗುವುದಿಲ್ಲ. ನಾನೇ ಎತ್ತಿಕೊಂಡು ಹಲಗೆಯ ಮೇಲೆ ಬರಬರ ಎಳೆದೆ.

"ಲೇ ಲೇ ಲೇ! ಮರದ ನಾರು ಯಾವ ಕಡೆ ಮಲಗಿದೆ ನೋಡ್ಕೊಂಡು ತಳ್ಳೇ!" ಎಂದರು.

ಫೆಬ್ರವರಿಯಿಂದ ಈಚೆಗೆ ಇವರು ಆಡಿದ ಅತಿ ಉದ್ದದ ಮಾತು. ಆಮೇಲೆ ಬೇಕೆಂದೇ ನಾಲ್ಕು ಸಲ ತಪ್ಪಾಗಿ ತಳ್ಳಿದೆ. ನಾಲ್ಕು ಸಲವೂ ಬೈದರು.

ಮುನಿಯಕ್ಕ ತನ್ನ ರವಿಕೆಯ ತೋಳಿನಲ್ಲಿ ಮರದ ಹೊಟ್ಟು ಸಿಕ್ಕಿತೆಂದು ತಂದು ತೋರಿಸಿದಳು. ಈಚೀಚೆಗೆ ರವಿಕೆಗಳು ತಡವಾಗುತ್ತಿವೆ. ಆದರೆ ಹಲಗೆ ನುಣ್ಣಗಾದಾಗ ಅಂಗೈಗೆ ಹಿತವಾಗಿರುತ್ತದೆ, ಪಾಪ್ಲಿನ್ ಬಟ್ಟೆಗೆ ಆ ಹಿತವಿಲ್ಲ.

ಜೂನ್ ೧೭, ಭಾನುವಾರ

ಕೆಟ್ಟ ದಿನ. ಪಕ್ಕದ ಹಲಗೆಗಳನ್ನು ಇವತ್ತು ಕೂರಿಸಬೇಕಿತ್ತು. ಇವರು ಉದ್ದ ಹೇಳಿದ್ದರು, ಹತ್ತಡಿ ನಾಲ್ಕಿಂಚು. ನಾನೇ ಅಳೆದು ನಾನೇ ಕುಯ್ದಿದ್ದೆ, ಎರಡು ದಿನದ ಕೆಲಸ. ಎತ್ತಿ ಹಿಡಿದರೆ ಮುಂದಿನ ಮೂತಿಯವರೆಗೆ ಹಲಗೆ ಬರಲೇ ಇಲ್ಲ. ಎರಡೂವರೆ ಇಂಚು ಮೋಟು. ಇನ್ನೊಂದು ಕಡೆಯದೂ ಮೋಟು. ಅಷ್ಟು ಉದ್ದದ ಹಲಗೆ ಬೇರೆ ಇಲ್ಲ.

"ಹತ್ತಡಿ ನಾಲ್ಕು ಅಂದಿದ್ದೆ" ಎಂದರು.

"ಹತ್ತಡಿ ನಾಲ್ಕೇ ಕುಯ್ದಿದ್ದೀನಿ."

"ಅಳೆಯೋಕೆ ಬರುತ್ತೇನೇ ನಿಂಗೆ?"

"ಈ ವಠಾರದ ಹೆಂಗಸರೆಲ್ಲ ನಾನು ಅಳೆದಿದ್ದನ್ನೇ ಹಾಕ್ಕೊಂಡು ಓಡಾಡ್ತಿದಾರೆ. ಒಬ್ಬರದೂ ಬಿಚ್ಚಿ ಬಿದ್ದಿಲ್ಲ!"

ಅಲ್ಲಿಂದ ಶುರುವಾಯಿತು. ನನ್ನ ತವರುಮನೆಯವರು ಬಂದರು, ಇವರ ಅಕ್ಕ ಬಂದಳು, ಮದುವೆಯಲ್ಲಿ ಪಾಯಸ ಸೀದದ್ದು ಬಂತು. ಇವರು ಕೂಗಿದ್ದಕ್ಕೆ ಕೊಟ್ಟಿಗೆಯ ಹೆಂಚಿನ ಮೇಲಿದ್ದ ಕಾಗೆ ಹಾರಿಹೋಯಿತು. ಟವಲು ಎಲ್ಲೋ ಬಿದ್ದಿತ್ತು, ಎರಡು ಬೆರಳಿನ ಕೈಯನ್ನು ನನ್ನ ಮುಖದ ಮುಂದೆ ಆಡಿಸುತ್ತಿದ್ದರು. ಓನರು ಬಂದು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಈಗ ಸರ್ಯಾಗೈತೆ" ಎಂದು ಹೋದರು. ಏನು ಸರಿಯಾಗಿದೆಯೆಂದು ನಾನು ಕೇಳಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಊಟಕ್ಕೆ ಕೂತಾಗ ಇವರು ನನ್ನ ಮುಖ ನೋಡಲಿಲ್ಲ. ಸಾರು ನೀರಾಗಿದೆ ಎಂದರು. ಎರಡು ಸಲ ಬಡಿಸಿಕೊಂಡರು.

ಜೂನ್ ೧೮, ಸೋಮವಾರ

ಬೆಳಿಗ್ಗೆ ನಾನು ಹಲಗೆ ಅಳೆದಿದ್ದ ಹೊಲಿಗೆಯ ಟೇಪನ್ನು ಇವರ ಉಕ್ಕಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ ಎಂದೆ. ನನ್ನ ಹನ್ನೆರಡು ಇಂಚು ಮುಗಿದರೂ ಇವರ ಹನ್ನೆರಡು ಇನ್ನೂ ಮುಗಿದಿರಲಿಲ್ಲ. ಕಾಲಿಂಚು ಮುಂದೆ ಇತ್ತು.

ಇವರು ಪಟ್ಟಿಯನ್ನು ತಿರುಗಿಸಿ ನೋಡಿದರು. ಸಾವಕಾಶವಾಗಿ ನೆಲದ ಮೇಲೆ ಕೂತರು.

ವಿಷಯವೇನೆಂದರೆ, ಕಾದ ಉಕ್ಕು ಆರಿದ ಮೇಲೆ ಕುಗ್ಗುತ್ತದೆ. ಅದಕ್ಕೆ ಮರದ ಅಚ್ಚನ್ನು ಸ್ವಲ್ಪ ದೊಡ್ಡದಾಗಿಯೇ ಮಾಡುತ್ತಾರೆ. ಪ್ರತಿ ಸಲ ಲೆಕ್ಕ ಹಾಕುವುದು ಬೇಡವೆಂದು ಅವರ ಅಳತೆಪಟ್ಟಿಯನ್ನೇ ಎಳೆದು ಮಾಡಿರುತ್ತಾರಂತೆ, ಅಡಿಗೆ ಕಾಲಿಂಚು ಹೆಚ್ಚು. ಅದರ ಮೇಲೆ ಇಂಚು ಎಂದಿರುವುದು ಇಂಚಲ್ಲ. ಇವರು ಹುಡುಗನಾಗಿದ್ದಾಗಿನಿಂದ ಅದನ್ನೇ ಹಿಡಿದವರು, ಬೇರೆ ಇಂಚು ಇದೆಯೆಂಬುದೇ ಮರೆತುಹೋಗಿದೆ.

"ದೋಣಿ ಆರಿದ ಮೇಲೆ ಕುಗ್ಗುತ್ತಾ?" ಎಂದು ಕೇಳಿದೆ.

ಇವರ ಭುಜ ಅಲುಗಿತು. ಅಳುತ್ತಿದ್ದಾರೆಂದು ಗಾಬರಿಯಾದೆ. ನಗುತ್ತಿದ್ದರು. ಕೆಮ್ಮು ಬರುವವರೆಗೂ ನಕ್ಕರು. ಮುನಿಯಕ್ಕ ಓಡಿ ಬಂದು ಏನಾಯಿತು ಎಂದಳು. ನಾವಿಬ್ಬರೂ ಸರಿಯಾಗೇ ಅಳೆದಿದ್ದೇವೆ ಎಂದೆ.

ಮುಂದಕ್ಕೆ ಎರಡೂವರೆ ಇಂಚಿನ ಒಂದು ಮೂಗು ಕೂರಿಸಬೇಕಂತೆ, ತೇಗದಲ್ಲಿ, ಎರಡು ಕಡೆಯೂ ಬಾಗಿಸಿ. ಅದಕ್ಕೆ ಇನ್ನೊಂದು ತಿಂಗಳು ಹಿಡಿಯುತ್ತದೆ ಎಂದರು. ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ.

ಜುಲೈ ೨೬, ಗುರುವಾರ

ಮೂಗು ಕೂತಿತು. ಹೇಳಬಾರದು, ಚೆನ್ನಾಗಿದೆ. ಕ್ಯಾಲೆಂಡರಿನ ದೋಣಿಗೆ ಇಂಥ ಮೂಗಿಲ್ಲ. ಇವರು ಎಡಗೈಯಲ್ಲಿ ಉಳಿ ಹಿಡಿದರು, ನಾನು ಕೊಡತಿಯಲ್ಲಿ ಹೊಡೆದೆ. ಒಂದೇ ಸಲ ಅವರ ಹೆಬ್ಬೆರಳಿಗೆ ಬಿತ್ತು. "ಇರೋದನ್ನಾದ್ರೂ ಉಳಿಸೇ" ಎಂದರು.

ಮಳೆ ಬಿದ್ದು ಕೆರೆ ತುಂಬುತ್ತಿದೆ. ಈ ಸಲ ಮಳೆ ಬಾರದಿದ್ದರೂ ನನಗೇನೂ ನಷ್ಟವಿರಲಿಲ್ಲ.

ಶ್ಯಾಮಣ್ಣ ಹೇಳಿಹೋದ, ಆಯುಧಪೂಜೆ ಕಳೆದ ಮೇಲೆ ಡ್ಯೂಟಿಗೆ ಬರದಿದ್ದರೆ ಆ ಕುರ್ಚಿ ಬೇರೆಯವರಿಗಂತೆ. ಇವರು ಹೂಂ ಎಂದರು, ಅಷ್ಟೇ. ಏನು ಹೂಂ ಎಂದು ನಾನು ಕೇಳಿದೆ. "ಮೊದಲು ಇದು ಮುಗೀಲಿ" ಎಂದರು. ಮುಗಿದ ಮೇಲೆ ಏನೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಆಗಸ್ಟ್ ೧೧, ಶನಿವಾರ

ಹಲಗೆಗಳ ಸಂದಿಗೆಲ್ಲ ಸೆಣಬಿನ ನಾರು ತುರುಕಿ ಆಯಿತು. ಇನ್ನು ಮೇಲೆ ಡಾಂಬರು ಬಳಿಯುವುದು. ಡಾಂಬರು ಬಳಿದರೆ ದೋಣಿ ನೀರಿಗೆ ಸಿದ್ಧ. ನಾನು ಡಾಂಬರಿನ ಡಬ್ಬ ತೆಗೆದು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟೆ.

ಇವರು ದಿನವಿಡೀ ಹುಡುಕಿದರು. ಕೊಟ್ಟಿಗೆಯ ಅಟ್ಟ ಹತ್ತಿ ಇಳಿದರು. ಮುನಿಯಕ್ಕನ ಮನೆಯ ಹಿತ್ತಿಲಲ್ಲೂ ನೋಡಿ ಬಂದರು. ಯಾರೋ ಎತ್ತಿಕೊಂಡು ಹೋಗಿರಬೇಕು, ಕಾಲ ಕೆಟ್ಟಿದೆ ಎಂದೆ. ನಾನು ಮಾಡಿದ್ದು ತಪ್ಪು, ಆದರೆ ಮಾರ್ಚ್ ತಿಂಗಳಲ್ಲಿ ದೋಣಿ ಬೇಗ ಬೇಗ ಎಂದು ಇವರ ಪ್ರಾಣ ತಿಂದವಳಿಗೆ ಈಗ ಅದು ಮುಗಿಯುವುದೆಂದರೆ ಹೆದರಿಕೆ. ಕೆಲಸವಿದ್ದಷ್ಟು ದಿನ ಇವರಿಗೆ ನಾಳೆ ಎಂಬುದಿದೆ. ಕೆಲಸ ಮುಗಿಯಿತು ಅಂದಮೇಲೆ ಕೆರೆಯ ಹತ್ತಿರ ಹೋಗಲು ನೆಪವೂ ಇದೆ. ನನ್ನ ಬುದ್ಧಿಗೆ ನಾನೇ ಚಪ್ಪಲಿಯಲ್ಲಿ ಹೊಡೆದುಕೊಳ್ಳಬೇಕು.

ರಾತ್ರಿ ಊಟ ಮಾಡುತ್ತಾ ತಟ್ಟೆ ನೋಡಿಕೊಂಡೇ ಹೇಳಿದರು: "ಅಕ್ಕಿಯೊಳಗೆ ಡಾಂಬರು ಇಟ್ರೆ ಅನ್ನ ವಾಸ್ನೆ ಬರುತ್ತೆ ಕಣೇ."

"ತಿನ್ನಿ, ಏನೂ ಆಗಲ್ಲ" ಎಂದೆ. ಇಬ್ಬರೂ ತಿಂದೆವು.

ಸೆಪ್ಟೆಂಬರ್ ೬, ಗುರುವಾರ

ಡಾಂಬರು ಬಳಿದಾಯಿತು. ಅನ್ನ ಇನ್ನೂ ವಾಸನೆ ಬರುತ್ತಿದೆ.

ಸೆಪ್ಟೆಂಬರ್ ೨೨, ಶನಿವಾರ

ಇವರು ಹುಟ್ಟು ಮಾಡಿದರು, ಎರಡು. ಅಂಗಳದಲ್ಲಿ ಒರಗಿಸಿಟ್ಟಿದ್ದನ್ನು ನೋಡಿದೆ. ಒಂದರ ಹಿಡಿ ದಪ್ಪ, ಇನ್ನೊಂದರದು ಸಣ್ಣ. ಇಷ್ಟು ವರ್ಷ ಪ್ಯಾಟರ್ನ್ ಶಾಪಿನಲ್ಲಿ ದುಡಿದವರು ಜೋಡಿಯಲ್ಲಿ ಹೀಗೆ ಹೆಚ್ಚುಕಮ್ಮಿ ಮಾಡಬಹುದೇ ಎಂದು ಕೇಳಿದೆ.

"ಸಣ್ಣದು ನಿಂದು" ಎಂದರು. ಅಳತೆ ಯಾವಾಗ ತೆಗೆದುಕೊಂಡಿರಿ ಎಂದರೆ, ಗೂಟಕ್ಕೆ ಹಾಕಿದ್ದ ಬಳೆ ನೋಡಿ ಅಂದಾಜು ಮಾಡಿದರಂತೆ.

ನಾನು ದೋಣಿ ಹತ್ತುವುದಿಲ್ಲ, ನನಗೆ ನೀರೆಂದರೆ ಆಗದು ಎಂದು ಸ್ಪಷ್ಟವಾಗಿ ಹೇಳಿದೆ. ಸರಿ ಎಂದು ಸಣ್ಣ ಹಿಡಿಗೆ ಇನ್ನೂ ಸ್ವಲ್ಪ ಉಪ್ಪುಕಾಗದ ಉಜ್ಜಿದರು. ಹೇಳಿದ್ದು ಕಿವಿಗೆ ಬೀಳುವುದೇ ಇಲ್ಲ.

ನಮ್ಮ ದೋಣಿಗೆ ಬಣ್ಣ ಹಸಿರು. ಫೌಂಡ್ರಿಯ ಮೆಷಿನ್ನುಗಳಿಗೆ ಬಳಿದು ಉಳಿದದ್ದು.

ಅಕ್ಟೋಬರ್ ೩, ಬುಧವಾರ, ಆಯುಧಪೂಜೆ

ಕೊಟ್ಟಿಗೆಯಲ್ಲೇ ಪೂಜೆ ಮಾಡಿದೆವು. ಗರಗಸ, ಉಳಿ, ಉಜ್ಜುಗೊರಡು, ಪಕ್ಕದಲ್ಲಿ ನನ್ನ ಹೊಲಿಗೆ ಮೆಷಿನ್ನು, ನಡುವೆ ದೋಣಿ. ಲಾರಿಗೆ ಕಟ್ಟುವ ಹಾಗೆ ಮೂಗಿನ ಎರಡು ಕಡೆ ಬಾಳೆಕಂದು ಕಟ್ಟಿದೆ. ಕುಂಬಳಕಾಯಿ ಒಡೆಯಲು ಓನರು ತಾವೇ ಬಂದರು.

"ಚಕ್ರದ ಕೆಳಗೆ ನಿಂಬೆಅಣ್ಣು ಮಡಗಮ್ಮ" ಎಂದರು.

"ಚಕ್ರ ಎಲ್ಲಿದೆ ಯಜಮಾನ್ರೇ?"

ಓನರು ದೋಣಿಯ ಸುತ್ತ ಒಂದು ಸುತ್ತು ಬಂದು ನೋಡಿದರು. ಚಕ್ರವಿಲ್ಲದ ಗಾಡಿಗೆ ಪೂಜೆ ಮಾಡಿ ಅವರಿಗೆ ರೂಢಿಯಿಲ್ಲ. ಕೊನೆಗೆ ಇವರು ನಿಂಬೆಹಣ್ಣುಗಳನ್ನು ನೆಲದ ಮೇಲಿಟ್ಟರು, ಮುನಿಯಕ್ಕನೂ ಸೇರಿ ನಾವು ನಾಲ್ಕು ಜನ ದೋಣಿಯ ಒಂದು ಪಕ್ಕ ಎತ್ತಿ ಅದರ ಮೇಲೆ ಇಳಿಸಿದೆವು. ಹಣ್ಣು ಪಚಕ್ ಎಂದಿತು. ಓನರಿಗೆ ಸಮಾಧಾನವಾಯಿತು.

ನಾಳೆ ನೀರಿಗೆ. ದೇವರ ಮುಂದೆ ಏನು ಕೇಳಿಕೊಂಡೆನೆಂದು ಬರೆಯುವುದಿಲ್ಲ. ಒಂದೇ ಕೇಳಿಕೊಂಡೆ.

ಅಕ್ಟೋಬರ್ ೪, ಗುರುವಾರ, ವಿಜಯದಶಮಿ

ಫೌಂಡ್ರಿಯವರಿಗೆ ರಜೆ. ಶ್ಯಾಮಣ್ಣ ಗಟ್ಟಿ ಆಳುಗಳನ್ನು ಕರೆತಂದ. ದೋಣಿಯನ್ನು ಹೆಗಲ ಮೇಲೆ ಹೊತ್ತು ಕೆರೆಗೆ ನಡೆದರು, ಮೇಲೆ ಹೂವಿನ ಹಾರ, ಹಿಂದೆ ನಾವೆಲ್ಲ. ಬಸ್ ಸ್ಟಾಪಿನಲ್ಲಿ ನಿಂತಿದ್ದ ಒಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ದೇವರೆಂದುಕೊಂಡರೋ ಹೆಣವೆಂದುಕೊಂಡರೋ ಗೊತ್ತಾಗಲಿಲ್ಲ.

ದೋಣಿ ತೇಲಿತು. ಒಂದು ಮೂಲೆಯಲ್ಲಿ ಸ್ವಲ್ಪ ಒಸರಿತು, ಅದಕ್ಕೆ ಚೊಂಬು ಇಟ್ಟುಕೊಂಡೆವು. ಇವರು ಹತ್ತಿ ಕೂತರು. ಬಲಗಡೆಯ ಹುಟ್ಟನ್ನು ಎರಡು ಬೆರಳಿನಲ್ಲಿ ಹಿಡಿಯಲಾಗುವುದಿಲ್ಲ, ಅದು ನೀರಿಗೆ ಜಾರುತ್ತಿತ್ತು. ಮೆಟ್ಟಿಲಿನ ಮೇಲೆ ಅಷ್ಟು ಜನ ಸುಮ್ಮನೆ ನೋಡುತ್ತಿದ್ದರು. ಇವರು ನನ್ನ ಕಡೆ ನೋಡಿದರು.

ಸೀರೆ ಎತ್ತಿಕಟ್ಟಿ ಹತ್ತಿದೆ. ಇವರನ್ನು ಒಬ್ಬರನ್ನೇ ಆ ನೀರಿನ ಮೇಲೆ ಬಿಡುವಷ್ಟು ಧೈರ್ಯ ನನಗಿರಲಿಲ್ಲ, ಅಷ್ಟೇ. ಎಡಗಡೆಯದು ಅವರು, ಬಲಗಡೆಯದು ನಾನು. ಮೊದಲು ದೋಣಿ ಗಾಣದ ಎತ್ತಿನ ಹಾಗೆ ಸುತ್ತಿತು. "ಒಟ್ಟಿಗೆ ಎಳೀರಮ್ಮೋ!" ಎಂದು ಮುನಿಯಕ್ಕ ದಡದಿಂದ ಕೂಗಿದಳು, ಅವಳು ಹುಟ್ಟಿದಾಗಿನಿಂದ ದೋಣಿ ನಡೆಸಿದವಳ ಹಾಗೆ. ಇವರು ಹೂಂ, ಹೂಂ ಎಂದು ತಾಳ ಹಾಕಿದರು. ಆಮೇಲೆ ಮುಂದೆ ಹೋಯಿತು.

ನಡುಕೆರೆಯಲ್ಲಿ ಇವರು ಹುಟ್ಟು ಎತ್ತಿ ನಿಲ್ಲಿಸಿದರು. ಅಲ್ಲಿಂದ ಫ್ಯಾಕ್ಟರಿ ಚಿಮಣಿಗಳು ಕಾಣುತ್ತವೆ. ರಜೆಯಾದ್ದರಿಂದ ಹೊಗೆಯಿರಲಿಲ್ಲ.

"ಅವತ್ತು ನಾನು ಆಳ ನೋಡೋಕೆ ಬಂದಿರ್ಲಿಲ್ಲ ಕಣೇ" ಎಂದರು.

"ಗೊತ್ತು."

"ಬಾಯಿಗೆ ದೋಣಿ ಅಂತ ಬಂತು, ಅಂದ್ಬಿಟ್ಟೆ."

"ಅದೂ ಗೊತ್ತು. ಮಂಚ ಅಂತ ಬಂದಿದ್ರೆ ಒಂದು ವಾರಕ್ಕೆ ಮುಗೀತಿತ್ತು."

ನಕ್ಕರು. ನಾನೂ ನಗಲು ಹೋಗಿ ಅತ್ತುಬಿಟ್ಟೆ. ಏಳು ತಿಂಗಳಿಂದ ಹಿಡಿದಿಟ್ಟಿದ್ದು ಒಟ್ಟಿಗೆ ಬಂತು. "ನಿಮಗೇನ್ರೀ, ನೀವು ಹೋಗ್ಬಿಡ್ತಿದ್ರಿ. ನಾನು ಯಾರ ಹತ್ರ ಜಗಳ ಆಡ್ಲಿ? ಹೆದರಿ ಹೆದರಿ ಸತ್ತಿದ್ದೀನಿ, ಗೊತ್ತಾ ನಿಮಗೆ?" ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ದಡದಲ್ಲಿರುವವರಿಗೆ ಕೇಳಿಸಿರಬೇಕು. ಕೇಳಿಸಲಿ.

ಇವರು ಬಲಗೈಯನ್ನು ನನ್ನ ಕೈಯ ಮೇಲಿಟ್ಟರು. ಬೆರಳು ಹೋದ ಮೇಲೆ ಆ ಕೈಯಿಂದ ನನ್ನನ್ನು ಮುಟ್ಟಿರಲಿಲ್ಲ. ಬೆಚ್ಚಗಿತ್ತು. "ಇನ್ನು ಹೋಗಲ್ಲ" ಎಂದರು. ಆಮೇಲೆ, "ಚೊಂಬು ತಗೋ, ನೀರು ಜಾಸ್ತಿ ಆಯ್ತು" ಎಂದರು. ನಾನು ಮೂಗು ಒರೆಸಿಕೊಂಡು ನೀರು ಮೊಗೆದು ಹಾಕಿದೆ.

ಅಕ್ಟೋಬರ್ ೮, ಸೋಮವಾರ

ಇವರು ಡ್ಯೂಟಿಗೆ ಹೋದರು. ಎಡಗೈಯಲ್ಲಿ ಬರೆದದ್ದನ್ನು ಯಾರಿಗೂ ಓದಲಾಗುತ್ತಿಲ್ಲವಂತೆ. ತಡವಾಗಿ ಬರುವವರಿಗೆ ಭಾರಿ ಅನುಕೂಲವಾಗಿದೆ ಎಂದು ಶ್ಯಾಮಣ್ಣ ಹೇಳಿದ. ಕುರ್ಚಿ ಅಲುಗುತ್ತದೆ, ಕಾಲಿಗೆ ತುಂಡು ಮರ ಕೊಡಬೇಕು ಎಂದು ಇವರು ಬಂದಾಗಿನಿಂದ ಗೊಣಗುತ್ತಿದ್ದಾರೆ.

ನಾನು ಬಾಕಿಯಿದ್ದ ರವಿಕೆಗಳಿಗೆ ಕೂತೆ.

ಅಕ್ಟೋಬರ್ ೧೪, ಭಾನುವಾರ

ಬೆಳಿಗ್ಗೆ ತಿಂಡಿಯಾದ ಮೇಲೆ ಇವರು ಒಸರುವ ಮೂಲೆಗೆ ಡಾಂಬರು ಹಾಕಿ ಬರುತ್ತೇನೆಂದು ಕೆರೆಗೆ ಹೋದರು. ಸ್ವಲ್ಪ ಹೊತ್ತಿಗೆ ಮುನಿಯಕ್ಕ ಬಂದು, "ನಿಮ್ಮನೇರು ಒಬ್ರೇ ಓದ್ರಲ್ಲ ಕೆರೆ ತಾವ್ಕೆ. ನೀನ್ ಓಗಾಕಿಲ್ವಾ?" ಎಂದಳು. ನನಗೆ ಕೈತುಂಬ ಕೆಲಸವಿದೆ ಎಂದೆ. ಇತ್ತು ಕೂಡ. ಓನರ ಸೊಸೆಯ ಎರಡು ರವಿಕೆ ಕತ್ತರಿಸಿದೆ, ಹುರುಳಿಕಾಳು ಬೇಯಲು ಇಟ್ಟೆ.

ಮಧ್ಯಾಹ್ನ ಚಾಪೆಯ ಮೇಲೆ ಸುಮ್ಮನೆ ಒರಗಿದೆ, ಸ್ವಲ್ಪ ಬೆನ್ನು ನೆಟ್ಟಗೆ ಮಾಡೋಣವೆಂದು. ಕಣ್ಣು ಬಿಟ್ಟರೆ ಸಂಜೆಯಾಗಿತ್ತು. ಯಾರೋ ನನಗೆ ಹೊದಿಸಿದ್ದರು. ಇವರು ಯಾವಾಗ ಬಂದರೋ ಗೊತ್ತಿಲ್ಲ, ಒಲೆಯಿಂದ ಹುರುಳಿ ಇಳಿಸಿ, ಕಾಫಿ ಕಾಸಿಕೊಂಡು ಕುಡಿದು, ಬಾಗಿಲಲ್ಲಿ ಕೂತಿದ್ದರು. ನನಗೆ ಒಂದು ಲೋಟವೂ ಉಳಿಸಿರಲಿಲ್ಲ. ಚೆನ್ನಾಗಿ ಬೈದೆ.